ರಿಪೋರ್ಟ್ ಹೋದದ್ದು ಗಂಡನ ಫೋನಿಗೆ: ಒಂದು ಎಚ್‌ಪಿವಿ ಪ್ರಕರಣ

ಮುಂಬೈಯ ಕನ್ನಡ ಹೆಂಗಸರ ನಡುವೆ ಆರೋಗ್ಯ ಕೌನ್ಸೆಲರ್ ಆಗಿ ಕೆಲಸ ಮಾಡುತ್ತಾ ನನಗೆ 15 ವರ್ಷ ದಾಟಿತು. ಇದು ಎಚ್‌ಪಿವಿ, ಅಂದರೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್, ಪತ್ತೆಯಾದ ಒಬ್ಬ ಹೆಂಗಸಿನ ಪ್ರಕರಣ. ಇದನ್ನು ಬರೆಯಲು ಆಕೆ ಒಪ್ಪಿದ್ದಾರೆ, ಗಂಡನೂ ಒಪ್ಪಿದ್ದಾರೆ. ಹೆಸರು ಬದಲಿಸಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಲಲಿತಾ ಎಂದು ಕರೆಯುತ್ತೇನೆ. ನನ್ನ ಹಾಗೆ ಕ್ಯಾಂಪುಗಳಲ್ಲಿ ಕೂತು ಹೆಂಗಸರಿಗೆ ರಿಪೋರ್ಟ್ ಓದಿ ಹೇಳುವವರಿಗೆ, ಆಶಾ ಕಾರ್ಯಕರ್ತೆಯರಿಗೆ, ನರ್ಸ್‌ಗಳಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಲಲಿತಾಗೆ ಆಗ 38 ವರ್ಷ. ಊರು ಕರಾವಳಿಯ ಒಂದು ಹಳ್ಳಿ. ಗಂಡನಿಗೆ 48. ಅವರು 1988ರಲ್ಲಿ, 13ನೇ ವಯಸ್ಸಿನಲ್ಲಿ, ಮುಂಬೈಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ರಾತ್ರಿ ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಿದ್ದರು. ಹೀಗೆ ಬೆಳೆದ ನಮ್ಮ ಕಡೆಯ ಗಂಡಸರು ಈ ಊರಲ್ಲಿ ಎಷ್ಟೋ ಜನ. ಈಗ ಇವರು ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ.

ಮದುವೆ 2002ರಲ್ಲಿ. ಲಲಿತಾಗೆ ಆಗ 17. ಮದುವೆಯಾದ ಮೇಲೆ ಒಂಬತ್ತು ವರ್ಷ ಆಕೆ ಊರಿನಲ್ಲೇ ಅತ್ತೆ ಜೊತೆ ಇದ್ದರು. ಗಂಡ ವರ್ಷಕ್ಕೊಮ್ಮೆ, ರಜೆ ಸಿಕ್ಕಾಗ, ಒಂದು ತಿಂಗಳ ಮಟ್ಟಿಗೆ ಬರುತ್ತಿದ್ದರು. ಮೊದಲ ಮಗ ಹುಟ್ಟಿದಾಗ ಆಕೆಗೆ 18. ಮಗಳು ಹುಟ್ಟಿದ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಆಯಿತು. 2011ರಲ್ಲಿ ಮುಂಬೈ ಹತ್ತಿರದ ಡೊಂಬಿವಲಿ ಕಡೆ ಚಾಳಿನಲ್ಲಿ ಒಂದು ರೂಮ್ ಹಿಡಿದು ಎಲ್ಲರೂ ಒಟ್ಟಿಗೆ ಇರತೊಡಗಿದರು. ಕಕ್ಕಸು ಆರು ಮನೆಗೆ ಸೇರಿ ಒಂದು. ಈ ವಿಷಯ ಮುಂದೆ ಬರುತ್ತದೆ.

2023ರ ಆಗಸ್ಟಿನಲ್ಲಿ, ಒಂದು ಭಾನುವಾರ, ಕನ್ನಡ ಸಂಘವೊಂದರ ಹಾಲ್‌ನಲ್ಲಿ ನಮ್ಮ ಕ್ಯಾಂಪ್ ಇತ್ತು. 30 ದಾಟಿದ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ. ಹೊಸ ಪದ್ಧತಿ, ಎಚ್‌ಪಿವಿ ಟೆಸ್ಟ್. ವೇದಿಕೆಯ ಹಿಂದಿನ ಕೋಣೆಗೆ ಒಬ್ಬೊಬ್ಬರಾಗಿ ಹೋಗಿ, ತುದಿಯಲ್ಲಿ ಮೃದು ಬ್ರಷ್ ಇರುವ ಕಡ್ಡಿಯಿಂದ ತಾವೇ ಸ್ಯಾಂಪಲ್ ತೆಗೆದು ಕೊಡಬೇಕು. ಯಕ್ಷಗಾನ ಇದ್ದಾಗ ಅದೇ ಕೋಣೆ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿ. ಗೋಡೆಯ ಕನ್ನಡಿಯ ಅಂಚಿನಲ್ಲಿ ಇನ್ನೂ ಬಣ್ಣ ಅಂಟಿತ್ತು. ಲಲಿತಾ ಒಳಗೆ ಹೋಗಿ ಐದೇ ನಿಮಿಷದಲ್ಲಿ ಹೊರಗೆ ಬಂದು, "ಇಷ್ಟೇಯಾ ಅಕ್ಕ? ನಾನು ಎಂತೆಂತದೋ ಎಣಿಸಿ ಹೆದರಿದ್ದೆ" ಅಂದರು.

ರಿಜಿಸ್ಟ್ರೇಶನ್ ಫಾರ್ಮಿನಲ್ಲಿ ಫೋನ್ ನಂಬರಿಗೆ ಒಂದೇ ಸಾಲು ಇತ್ತು. ಲಲಿತಾ ಗಂಡನ ನಂಬರ್ ಕೊಟ್ಟರು. ಆ ದಿನ ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು ಹಾಗೇ ಮಾಡಿದ್ದರು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಆ ಮಧ್ಯಾಹ್ನ

ಮೂರು ವಾರದ ನಂತರ ಲ್ಯಾಬಿನಿಂದ ರಿಪೋರ್ಟ್ ಪಿಡಿಎಫ್ ಆಗಿ ಸೀದಾ ವಾಟ್ಸಾಪ್‌ಗೆ ಹೋಯಿತು. ಗಂಡ ಗಲ್ಲೆಯಲ್ಲಿ ಕೂತಿದ್ದರು. ಊಟದ ಗಿರಾಕಿಗಳು ಮುಗಿದು, ಚಹಾದವರು ಇನ್ನೂ ಬಾರದ ಹೊತ್ತು. ಹೈ ರಿಸ್ಕ್ ಎಚ್‌ಪಿವಿ ಪಾಸಿಟಿವ್, ಟೈಪ್ 16 ಅಂತ ಅದರಲ್ಲಿತ್ತು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಗೂಗಲ್ ಮಾಡಿದರು. ಮೊದಲ ಸಾಲಿನಲ್ಲೇ ಸಿಕ್ಕಿದ್ದು, ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಅಂತ.

ಆ ಸಂಜೆ ಮನೆಯಲ್ಲಿ ಏನಾಯಿತು ಅಂತ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡರಲ್ಲೂ ಒಂದು ಮಾತು ಇದೆ. ಅವರು ಫೋನನ್ನು ಆಕೆಯ ಮುಂದೆ ಹಿಡಿದು ಕೇಳಿದ್ದು, "ನಾನು ಊರಲ್ಲಿ ಇಲ್ಲದಿದ್ದ ಆ ಒಂಬತ್ತು ವರ್ಷ ಎಂತ ನಡೀತಿತ್ತು?"

ಲಲಿತಾಗೆ ತನಗೇನು ಕಾಯಿಲೆ ಅಂತ ಗೊತ್ತಾಗುವ ಮೊದಲೇ ತನ್ನ ಮೇಲಿನ ಆರೋಪ ಗೊತ್ತಾಯಿತು. ಈ ಪ್ರಕರಣದಲ್ಲಿ ಮುಂದೆ ಆದ ಎಲ್ಲಾ ಕಷ್ಟದ ಬೇರು ಇಲ್ಲಿದೆ. ವೈರಸ್ ಎಷ್ಟು ತೊಂದರೆ ಕೊಟ್ಟಿತೋ, ಆ ಸುದ್ದಿ ತಲುಪಿದ ರೀತಿಯೂ ಅಷ್ಟೇ ತೊಂದರೆ ಕೊಟ್ಟಿತು.

ನಾನು ಮಾಡಿದ ತಪ್ಪುಗಳು

ಮರುದಿನ ಬೆಳಿಗ್ಗೆ ಗಂಡ ನಮ್ಮ ನಂಬರಿಗೆ ಫೋನ್ ಮಾಡಿದರು. ನಾನೇ ಎತ್ತಿದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ರಿಪೋರ್ಟ್ ಲಲಿತಾ ಅವರದ್ದು, ಮೊದಲು ಅವರ ಜೊತೆ ಮಾತಾಡಬೇಕು, ಅವರು ಒಪ್ಪಿದರೆ ಮಾತ್ರ ನಿಮ್ಮ ಜೊತೆ ಅಂತ ಹೇಳಬೇಕಿತ್ತು. ಅವರು ಅಷ್ಟು ಗಾಬರಿಯಲ್ಲಿದ್ದರು, ನಾನು ಸಮಾಧಾನ ಮಾಡುವ ಆತುರದಲ್ಲಿ ಆಕೆಯನ್ನೇ ಮರೆತೆ. ಇದು ಮೊದಲ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಬಾಯಲ್ಲಿ ಹೇಳಿದ್ದು ಸಾಕಾಗಲಿಲ್ಲ ಅನಿಸಿ, ನಮ್ಮ ಕನ್ನಡ ಕರಪತ್ರದ ಫೋಟೋ ತೆಗೆದು ಅವರಿಗೆ ಕಳಿಸಿದೆ. ಅದರಲ್ಲಿ 'ಯಾರಿಗೆ ಅಪಾಯ ಜಾಸ್ತಿ?' ಅಂತ ಒಂದು ಪಟ್ಟಿ ಇತ್ತು. ಪಟ್ಟಿಯ ಮೊದಲ ಸಾಲು: 'ಒಂದಕ್ಕಿಂತ ಹೆಚ್ಚು ಸಂಗಾತಿಗಳೊಂದಿಗೆ ಲೈಂಗಿಕ ಸಂಪರ್ಕ.' ಹತ್ತು ನಿಮಿಷದಲ್ಲಿ ಅವರ ಉತ್ತರ ಬಂತು. "ನಿಮ್ಮ ಕಾಗದದಲ್ಲೇ ಮೊದಲಿಗೆ ಬರೆದದ್ದು ಅದೇ ಅಲ್ವಾ ಮೇಡಮ್?"

ಆ ಪಟ್ಟಿ ತಪ್ಪಲ್ಲ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಆ ಸಾಲು ನಿಜ. ಆದರೆ ಒಬ್ಬ ಗಂಡ ತನ್ನ ಹೆಂಡತಿಯ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಿದರೆ ಅದು ದೂರುಪಟ್ಟಿ ಆಗುತ್ತದೆ. ನಾನು ಅಷ್ಟು ವರ್ಷ ಹಂಚಿದ ಕರಪತ್ರವನ್ನು ಆ ಕಣ್ಣಿನಿಂದ ಓದಿಯೇ ಇರಲಿಲ್ಲ.

ಆಮೇಲೆ ಕೂತು ನೋಡಿದಾಗ ಇನ್ನೊಂದು ವಿಷಯ ಹೊಳೆಯಿತು. ಆ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದೆವು. ವೈರಸ್ ಬರುವುದು ಒಂದು. ಬಂದದ್ದು ಹೋಗದೆ ಉಳಿಯುವುದು ಇನ್ನೊಂದು. ಉಳಿದದ್ದು ವರ್ಷಗಟ್ಟಲೆ ಕೂತು ಜೀವಕೋಶಗಳನ್ನು ಕೆಡಿಸುವುದು ಮತ್ತೊಂದು. ಮೂರಕ್ಕೂ ಕಾರಣಗಳು ಬೇರೆ.

ಬರುವುದಕ್ಕೆ ಚರ್ಮಕ್ಕೆ ಚರ್ಮ ತಾಗುವ ಲೈಂಗಿಕ ಸಂಪರ್ಕ ಸಾಕು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆ ಇವೆ, ಸುಮಾರು 40 ಬಗೆ ಜನನಾಂಗಕ್ಕೆ ತಗಲುತ್ತವೆ. ಲೈಂಗಿಕ ಜೀವನ ಶುರುವಾದವರಲ್ಲಿ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಇದು ಬಂದು ಹೋಗಿರುತ್ತದೆ. ಗಂಡಸರಿಗೂ ಬರುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. ಸಂಗಾತಿಗಳ ಸಂಖ್ಯೆ ಜಾಸ್ತಿ ಆದಷ್ಟೂ ಸಾಧ್ಯತೆ ಜಾಸ್ತಿ, ಹೌದು. ಆದರೆ ಒಬ್ಬರೇ ಸಂಗಾತಿ ಇರುವ ಹೆಂಗಸಿಗೆ ಲೆಕ್ಕಕ್ಕೆ ಬರುವುದು ಆ ಸಂಗಾತಿಗೆ ಹಿಂದೆ ಎಷ್ಟು ಜನರ ಸಂಪರ್ಕ ಇತ್ತು ಎನ್ನುವುದು. ಬಹಳ ಚಿಕ್ಕ ವಯಸ್ಸಿನಲ್ಲಿ ಸಂಪರ್ಕ ಶುರುವಾದರೂ ಅಪಾಯ ಜಾಸ್ತಿ. ಆ ವಯಸ್ಸಿನಲ್ಲಿ ಗರ್ಭಕಂಠದ ಮೇಲ್ಪದರ ಇನ್ನೂ ಬಲಿತಿರುವುದಿಲ್ಲ, ವೈರಸ್ ಸುಲಭವಾಗಿ ಒಳಗೆ ಇಳಿಯುತ್ತದೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ, ಯಾಕೆಂದರೆ ಅದು ಮುಚ್ಚದ ಜಾಗದ ಚರ್ಮದಿಂದಲೂ ವೈರಸ್ ದಾಟಬಹುದು.

ಬಂದದ್ದರಲ್ಲಿ ಹೆಚ್ಚಿನದು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ, ದೇಹವೇ ಓಡಿಸುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಎಚ್‌ಐವಿ ಇದ್ದವರಲ್ಲಿ, ಬೇರೆ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಉಳಿಯುವ ಸಾಧ್ಯತೆ ಜಾಸ್ತಿ. ಟೈಪ್ 16 ಕೂಡ ಹಟದ ಜಾತಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% 16 ಮತ್ತು 18ನೇ ಬಗೆಗಳಿಂದಲೇ ಆಗುವುದು. ಆದರೆ ಉಳಿದ ವೈರಸ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷ ಸಾಕಾಗಬಹುದು. ತುಂಬ ಹೆರಿಗೆ ಆಗಿರುವುದು, ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡಿರುವುದು ಇವೆಲ್ಲ ಈ ಕೊನೆಯ ಹಂತಕ್ಕೆ ಸೇರಿದ ವಿಷಯಗಳು.

ಇಷ್ಟನ್ನೂ ಆವತ್ತು ಸರಿಯಾಗಿ ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತೋ. ನಾನು ಮಾಡಿದ್ದು ಇಬ್ಬರನ್ನೂ ಒಟ್ಟಿಗೆ ಕರೆಸಿದ್ದು. ಅದು ಮೂರನೆಯ ತಪ್ಪು. ಚಿಕ್ಕ ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ. ಅವರು ಗೋಡೆ ನೋಡುತ್ತಾ ಕೂತರು. ಲಲಿತಾ ಅಳುತ್ತಿದ್ದರು. ನಾನು ಫಾರ್ಮಿನ ಪ್ರಶ್ನೆಗಳನ್ನು ಕೇಳಿದೆ. ಮದುವೆಯಾದಾಗ ವಯಸ್ಸೆಷ್ಟು, ಮಕ್ಕಳೆಷ್ಟು, ಕಾಂಡೋಮ್ ಬಳಸುತ್ತೀರಾ ಅಂತ. ಆಪರೇಷನ್ ಆದ ಮೇಲೆ ಅದು ಯಾಕೆ ಅಂತ ಆಕೆ ಕೇಳಿದರು. 17ಕ್ಕೆ ಮದುವೆ ಆದದ್ದೂ ಒಂದು ಕಾರಣ ಇರಬಹುದು ಅಂತ ನಾನು ಹೇಳಿದಾಗ ಆಕೆ ಮುಖ ಎತ್ತಿ ನೋಡಿದರು.

"ಅದೂ ನನ್ನ ತಪ್ಪಾ ಅಕ್ಕ? ನನ್ನನ್ನು ಕೇಳಿ ಮಾಡಿದ್ರಾ ಮದುವೆ?"

ನನಗೆ ಮಾತು ಬರಲಿಲ್ಲ. ಎರಡು ದಿನ ಬಿಟ್ಟು, ಚೌತಿಗೆ ಅಂತ ಹೇಳಿ, ಮಗಳನ್ನು ಕರೆದುಕೊಂಡು ಆಕೆ ಮತ್ಸ್ಯಗಂಧ ರೈಲು ಹತ್ತಿ ತವರಿಗೆ ಹೋದರು. ಚೌತಿ ಮುಗಿಯಿತು, ನವರಾತ್ರಿ ಮುಗಿಯಿತು, ದೀಪಾವಳಿ ಬಂತು. ಆಕೆ ಬರಲಿಲ್ಲ. ಮಾಡಿಸಬೇಕಿದ್ದ ಮುಂದಿನ ಪರೀಕ್ಷೆ, ಕಾಲ್ಪೊಸ್ಕೋಪಿ, ಹಾಗೇ ಉಳಿಯಿತು.

ಕಕ್ಕಸಿನ ಮಾತು

ಅಕ್ಟೋಬರಿನಲ್ಲಿ ಊರಿನಿಂದ ಲಲಿತಾ ಫೋನ್ ಮಾಡಿದರು. ಚಾಳಿನ ಗೆಳತಿಯೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು.

"ಅಕ್ಕ, ಚಾಳಿನ ಕಕ್ಕಸಿನಿಂದ ಬಂತು ಅಂತ ನೀವು ಒಂದು ಮಾತು ಅವರಿಗೆ ಹೇಳಿ. ನೀವು ಹೇಳಿದ್ರೆ ನಂಬ್ತಾರೆ. ಎಲ್ಲ ಸರಿಯಾಗ್ತದೆ."

ನಾನು ಇಡೀ ರಾತ್ರಿ ಯೋಚಿಸಿದೆ. ಹೇಳಿಬಿಡಬಹುದಿತ್ತು. ಒಂದು ಸಂಸಾರ ಉಳಿಯುತ್ತಿತ್ತು, ಆಕೆ ವಾಪಸ್ ಬರುತ್ತಿದ್ದರು, ಪರೀಕ್ಷೆ ಆಗುತ್ತಿತ್ತು. ನಮ್ಮ ಕೆಲಸದಲ್ಲಿ ಇಂಥ ಸುಳ್ಳಿನ ಆಸೆ ಎಷ್ಟು ಸಲ ಬರುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಬೇಡ ಅಂತ ತೀರ್ಮಾನಿಸಿದೆ. ಎಚ್‌ಪಿವಿ ಹರಡುವುದು ಲೈಂಗಿಕ ಸಂಪರ್ಕದಿಂದ, ಕಕ್ಕಸಿನ ಸೀಟಿನಿಂದ ಅಲ್ಲ. ಸುಳ್ಳು ಹೇಳಿದರೆ ಅವರ ಮಗಳಿಗೆ ಮುಂದೆ ಹಾಕಿಸಬೇಕಾದ ಎಚ್‌ಪಿವಿ ಲಸಿಕೆಗೆ ಅರ್ಥವೇ ಇರುವುದಿಲ್ಲ. ಕಕ್ಕಸು ತೊಳೆದರೆ ಸಾಕು ಅನ್ನುತ್ತಾರೆ, ಅಲ್ವಾ? ಅಲ್ಲದೆ ಅದೇ ಕಕ್ಕಸಿಗೆ ಹೋಗುವ ಇನ್ನೂ ಐದು ಮನೆಯವರು ಇದ್ದಾರೆ. ನಾಳೆ ಗಂಡ ಗೂಗಲ್‌ನಲ್ಲಿ ಮತ್ತೆ ಹುಡುಕಿದರೆ ನನ್ನ ಮಾತು ಸುಳ್ಳು ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ನಾನು ಹೇಳುವ ಯಾವ ನಿಜವನ್ನೂ ಅವರು ನಂಬುವುದಿಲ್ಲ.

ಇದನ್ನೇ ಲಲಿತಾಗೆ ಹೇಳಿದೆ. ಆಕೆಗೆ ಬೇಜಾರಾಯಿತು. ಆಗ ನಾನು ಕೇಳಿದೆ, "ನಿಜ ಏನೋ ಅದನ್ನೇ ನಾನು ಅವರಿಗೆ ಒಬ್ಬರಿಗೇ ಹೇಳ್ಲಾ? ನಿಮ್ಮ ಒಪ್ಪಿಗೆ ಇದೆಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿ" ಅಂದರು. ಈ ಪ್ರಕರಣದಲ್ಲಿ ನಾನು ಆಕೆಯನ್ನು ಕೇಳಿ ಮಾಡಿದ ಮೊದಲ ಕೆಲಸ ಇದು. ಅದಕ್ಕೆ ಅಷ್ಟು ದಿನ ಬೇಕಾಯಿತು.

ಬಿಲ್ ಕಾಗದದ ಹಿಂದಿನ ಗೆರೆ

ಗಂಡನನ್ನು ನೋಡಲು ನವೆಂಬರಿನಲ್ಲಿ ನಾನೇ ಹೋಟೆಲಿಗೆ ಹೋದೆ. ಮಧ್ಯಾಹ್ನ ಮೂರೂವರೆಗೆ ಬನ್ನಿ ಅಂದಿದ್ದರು. ಮೂಲೆಯ ಟೇಬಲ್ಲಿನಲ್ಲಿ ಕೂತೆವು. ಚಹಾ ತರಿಸಿದರು, ತಾವು ಕುಡಿಯಲಿಲ್ಲ. ಮುಖ ಸೊರಗಿತ್ತು.

ನಾನು ಬರೆದು ತೋರಿಸಲು ಕಾಗದ ಕೇಳಿದೆ. ಅವರು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟರು. ಅದರ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದೆ. ಒಂದು ತುದಿಯಲ್ಲಿ 1988 ಅಂತ ಬರೆದೆ, ಅವರು ಮುಂಬೈಗೆ ಬಂದ ವರ್ಷ. ನಡುವೆ 2002, ಮದುವೆ. ಆಮೇಲೆ 2011, ಹೆಂಡತಿ ಮಕ್ಕಳು ಇಲ್ಲಿಗೆ ಬಂದದ್ದು. ಕೊನೆಗೆ 2023, ಟೆಸ್ಟ್.

"ಅಣ್ಣಾ, ಟೆಸ್ಟ್ ಹೇಳಿದ್ದು ಇಷ್ಟೇ," ಅಂತ 2023ರ ಮೇಲೆ ಒಂದು ಚುಕ್ಕೆ ಇಟ್ಟೆ. "ಈ ದಿನ ವೈರಸ್ ಇತ್ತು. ಯಾವ ವರ್ಷ ಬಂತು ಅಂತ ಟೆಸ್ಟಿಗೆ ಗೊತ್ತಿಲ್ಲ. ಯಾರಿಂದ ಬಂತು ಅಂತಲೂ ಗೊತ್ತಿಲ್ಲ. ಕಳೆದ ವರ್ಷ ಬಂದಿರಬಹುದು, 20 ವರ್ಷದ ಹಿಂದೆ ಬಂದದ್ದೂ ಆಗಿರಬಹುದು. ಕಾಣದಷ್ಟು ಕಡಿಮೆಯಾಗಿ ಕೂತು ಎಷ್ಟೋ ವರ್ಷದ ಮೇಲೆ ಮತ್ತೆ ತಲೆ ಎತ್ತುವುದೂ ಉಂಟು. ಈ ರಿಪೋರ್ಟ್ ಹಿಡಿದು ಯಾರ ಮೇಲೂ ತೀರ್ಪು ಕೊಡಲಿಕ್ಕೆ ಆಗುವುದಿಲ್ಲ. ಡಾಕ್ಟರಿಗೂ ಆಗುವುದಿಲ್ಲ."

ಅವರು ಆ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡರು. ಬಹಳ ಹೊತ್ತು ನೋಡಿದರು. ಬೆರಳು 2011ರ ಮೇಲಿತ್ತು, ಆಮೇಲೆ ಮೆಲ್ಲಗೆ ಎಡಕ್ಕೆ ಸರಿಯಿತು, 2002 ದಾಟಿತು, 1988ಕ್ಕೂ 2002ಕ್ಕೂ ನಡುವೆ ಒಂದು ಕಡೆ ನಿಂತಿತು. ಅಲ್ಲಿಂದ ಆಚೆ ಈಚೆ ಹೋಗಲಿಲ್ಲ.

ಅವರು ಆಮೇಲೆ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದ್ದು. ಊರು ಬಿಟ್ಟು ಬಂದ ಹುಡುಗರು ಹೋಟೆಲಿನ ಮಾಳಿಗೆಯಲ್ಲಿ ಹತ್ತು ಹದಿನೈದು ಜನ ಒಟ್ಟಿಗೆ ಮಲಗಿ, ಹೇಳುವವರು ಕೇಳುವವರು ಯಾರೂ ಇಲ್ಲದೆ ಬೆಳೆದ ಆ ಕಾಲವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಬಂದ ತಪ್ಪನ್ನು ಆಕೆಯ ತಲೆಯಿಂದ ತೆಗೆದು ಇವರ ತಲೆಗೆ ಹಾಕುವುದು ನನಗೆ ಸುಲಭವಿತ್ತು. ಒಂದು ಕ್ಷಣ ಹಾಗೆ ಮಾಡಬೇಕು ಅಂತಲೂ ಅನಿಸಿತು, ಲಲಿತಾ ಪಟ್ಟ ಪಾಡು ನೆನಪಾಗಿ. ಮಾಡಲಿಲ್ಲ. "ನಿಮ್ಮಿಂದಲೇ ಬಂತು ಅಂತಲೂ ಈ ಟೆಸ್ಟ್ ಹೇಳುವುದಿಲ್ಲ" ಅಂದೆ. ಅದೂ ಅಷ್ಟೇ ನಿಜ.

"ನಾನೂ ಟೆಸ್ಟ್ ಮಾಡಿಸ್ಲಾ ಮೇಡಮ್?" ಅಂತ ಕೇಳಿದರು. ಗಂಡಸರಿಗೆ ಮಾಡಿಸಿ ಅಂತ ಹೇಳುವಂಥ ಎಚ್‌ಪಿವಿ ತಪಾಸಣೆ ಇಲ್ಲ. ಆದರೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಇಬ್ಬರೂ ಮಾಡಿಸುವುದು ಒಳ್ಳೆಯದು ಅಂದೆ. ಎಚ್‌ಐವಿ ಇದ್ದರೆ ಲಲಿತಾ ಅವರ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ. ಮಾರನೇ ವಾರ ಅವರು ತಾವೇ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಹೋಗಿ ಪುಕ್ಕಟೆ ಪರೀಕ್ಷೆ ಮಾಡಿಸಿಕೊಂಡು ಬಂದರು. ನೆಗೆಟಿವ್. ಬೀಡಿ ಬಿಡುತ್ತೇನೆ ಅಂದಿದ್ದರು. ಅದು ಈಗಲೂ ಬಿಟ್ಟಿಲ್ಲ.

ಆ ಬಿಲ್ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಡಿಸೆಂಬರಿನಲ್ಲಿ ಅವರು ಊರಿಗೆ ಹೋದರು. ಹೋಗಿ ಏನು ಮಾತಾಡಿದರು ಅಂತ ನನಗೆ ಇಬ್ಬರೂ ಹೇಳಿಲ್ಲ. ಜನವರಿ ಮೊದಲ ವಾರ ಇಬ್ಬರೂ ಮಗಳ ಜೊತೆ ವಾಪಸ್ ಬಂದರು.

ಚಿಕಿತ್ಸೆ

ಜನವರಿಯಲ್ಲಿ ಕಾಲ್ಪೊಸ್ಕೋಪಿ ಆಯಿತು. ಇದು ದುರ್ಬೀನಿನಂಥ ಉಪಕರಣದಿಂದ ಗರ್ಭಕಂಠವನ್ನು ದೊಡ್ಡದು ಮಾಡಿ ನೋಡುವುದು. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿದಾಗ ಕೆಟ್ಟ ಜಾಗ ಬೆಳ್ಳಗೆ ತೋರುತ್ತದೆ. ಲಲಿತಾಗೆ ಒಂದು ಕಡೆ ಬೆಳ್ಳಗಾಯಿತು. ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಸಿಐಎನ್ 2 ಅಂತ ಬಂತು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗಬಹುದಾದ ಬದಲಾವಣೆ.

ಈ ವಿನಿಗರ್ ಪರೀಕ್ಷೆಯ ಬಗ್ಗೆ ಮುಂಬೈಯವರು ಹೆಮ್ಮೆ ಪಡಬೇಕು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಈ ಊರಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆ ಪಡೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು 31% ಕಡಿಮೆಯಾಯಿತು. ಇದೇ ಮಹಾರಾಷ್ಟ್ರದ ಒಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಪಿವಿ ಟೆಸ್ಟಿನ ಅಧ್ಯಯನ ನಡೆಯಿತು, ಅದರ ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸಲ ಟೆಸ್ಟ್ ಮಾಡಿದ್ದಕ್ಕೆ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಲಲಿತಾ ಚೌಕಿಯಲ್ಲಿ ಐದು ನಿಮಿಷ ಕಳೆದು ಕೊಟ್ಟ ಸ್ಯಾಂಪಲ್ಲಿನ ಬೆಲೆ ಇದು. ಅದನ್ನು ನಾವು ಒಂದು ಫೋನ್ ನಂಬರಿನ ಅಜಾಗರೂಕತೆಯಿಂದ ಕಳೆದುಕೊಳ್ಳುವವರಿದ್ದೆವು. ನಾಲ್ಕು ತಿಂಗಳು ತಡವಾದದ್ದರಿಂದ ಆಕೆಗೆ ಅನಾಹುತ ಆಗಲಿಲ್ಲ, ಯಾಕೆಂದರೆ ಈ ರೋಗ ನಿಧಾನ. ಆಕೆ ಬಾರದೇ ಹೋಗಿದ್ದರೆ, ಎಷ್ಟೋ ಜನ ಬಾರದೇ ಹೋಗುವ ಹಾಗೆ, ಆ ನಿಧಾನದ ಲಾಭವೂ ಸಿಗುತ್ತಿರಲಿಲ್ಲ.

ಫೆಬ್ರವರಿ 2024ರಲ್ಲಿ ಲೀಪ್ ಆಯಿತು. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವುದು. ಸಂಜೆಗೆ ಮನೆಗೆ ಬಂದರು. ಕೆಲವು ವಾರ ಭಾರ ಎತ್ತಬಾರದು, ಸಂಪರ್ಕ ಬೇಡ ಅಂತ ಡಾಕ್ಟರ್ ಹೇಳಿದ್ದರು. ನೀರಿನ ಕೊಡ ಎತ್ತುವ ಕೆಲಸ ಮಗ ಮಾಡಿದ. ತೆಗೆದ ತುಂಡಿನ ಅಂಚು ಶುದ್ಧ ಇದೆ ಅಂತ ವರದಿ ಬಂತು.

ಅದೇ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಇತ್ತು. 9ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠ ಕ್ಯಾನ್ಸರಿನ ಲಸಿಕೆಗೆ ಪ್ರೋತ್ಸಾಹ ಕೊಡುತ್ತೇವೆ ಅಂತ ಹಣಕಾಸು ಸಚಿವರು ಹೇಳಿದ್ದನ್ನು ಗಂಡ ಹೋಟೆಲಿನ ಟಿವಿಯಲ್ಲಿ ಕೇಳಿ, ತಕ್ಷಣ ನನಗೆ ಫೋನ್ ಮಾಡಿದರು. "ಮೇಡಮ್, ನಮ್ಮ ಹುಡುಗಿಗೆ 14 ಆಗ್ತಾ ಬಂತು. ಸರ್ಕಾರ ಕೊಡುವಷ್ಟು ದಿನ ಕಾಯ್ಬೇಕಾ?" ಕಾಯಬೇಡಿ ಅಂದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಿಡುಗಡೆ ಆಗಿತ್ತು. 6, 11, 16, 18, ಈ ನಾಲ್ಕು ಬಗೆಗಳ ವಿರುದ್ಧ ಕೆಲಸ ಮಾಡುತ್ತದೆ. ಆ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಅಮ್ಮನಿಗೂ ಹಾಕಿಸಿದರೆ ವೈರಸ್ ಹೋಗ್ತದಾ ಅಂತಲೂ ಕೇಳಿದರು. ಇಲ್ಲ, ಈಗಾಗಲೇ ಬಂದದ್ದನ್ನು ಲಸಿಕೆ ಓಡಿಸುವುದಿಲ್ಲ. ಬರುವ ಮೊದಲೇ ಹಾಕಿಸಬೇಕು, ಅದಕ್ಕೇ ಅದು ಚಿಕ್ಕ ಹುಡುಗಿಯರಿಗೆ. ಮೊದಲ ಡೋಸಿಗೆ ಮಗಳನ್ನು ಕರೆದುಕೊಂಡು ಹೋದದ್ದು ಅಪ್ಪ.

ನಮ್ಮಲ್ಲಿ ಬದಲಾದದ್ದು

ಈಗ ನಮ್ಮ ಫಾರ್ಮಿನಲ್ಲಿ ನಂಬರ್ ಬರೆದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಈ ಫೋನ್ ಹಗಲಲ್ಲಿ ಯಾರ ಕೈಯಲ್ಲಿ ಇರುತ್ತದೆ? ಸ್ವಂತ ಫೋನ್ ಇಲ್ಲದವರಿಗೆ ಒಂದು ತಾರೀಕು ಕೊಟ್ಟು ಅದೇ ಹಾಲ್‌ಗೆ ಬರಲು ಹೇಳುತ್ತೇವೆ. ಲ್ಯಾಬಿನವರು ಪಿಡಿಎಫ್ ಅನ್ನು ನಮಗೆ ಮಾತ್ರ ಕಳಿಸುತ್ತಾರೆ. ಇದಕ್ಕೆ ಅವರನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಪಾಸಿಟಿವ್ ಬಂದವರಿಗೆ ಬಾಯಲ್ಲೇ ಹೇಳುತ್ತೇವೆ, ಒಬ್ಬರನ್ನೇ ಕೂರಿಸಿಕೊಂಡು. ಮನೆಯವರಿಗೆ ಹೇಳಬೇಕಾ, ಯಾವಾಗ, ಹೇಗೆ ಅನ್ನುವುದು ಅವರ ತೀರ್ಮಾನ. ಬೇಕಾದರೆ ನಾವು ಜೊತೆಗೆ ಇರುತ್ತೇವೆ.

ಟೆಸ್ಟ್ ಮಾಡುವ ಮೊದಲೇ ಎರಡು ಮಾತು ಹೇಳುತ್ತೇವೆ. ಇದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್ ಅಂತ, ಮುಚ್ಚಿಡದೆ. ಪಾಸಿಟಿವ್ ಬಂದರೆ ಯಾರು ಯಾವಾಗ ಏನು ಮಾಡಿದರು ಅಂತ ಅದರಿಂದ ತಿಳಿಯುವುದಿಲ್ಲ ಅಂತಲೂ. ಈ ಮಾತು ಕೇಳಿ ಟೆಸ್ಟ್ ಬೇಡ ಅಂತ ಎದ್ದು ಹೋದವರು ಇದ್ದಾರೆ. ನನಗೆ ಆ ಬಗ್ಗೆ ಬೇಜಾರಿದೆ. ಆದರೂ ಹೇಳದೆ ಟೆಸ್ಟ್ ಮಾಡುವುದು ಇನ್ನು ನನ್ನಿಂದ ಆಗುವುದಿಲ್ಲ.

ಕರಪತ್ರವನ್ನೂ ಹೊಸದಾಗಿ ಬರೆದೆವು. 'ಒಬ್ಬರೇ ಸಂಗಾತಿ ಇರುವವರಿಗೂ ಇದು ಬರುತ್ತದೆ' ಅನ್ನುವುದು ಈಗ ಮೊದಲ ಸಾಲು. ಬರುವುದಕ್ಕೆ ಕಾರಣ, ಉಳಿಯುವುದಕ್ಕೆ ಕಾರಣ, ಕೆಡುವುದಕ್ಕೆ ಕಾರಣ ಅಂತ ಬೇರೆ ಬೇರೆ ಬರೆದಿದ್ದೇವೆ. ಹಳೆಯ ಪಟ್ಟಿಯ ಒಂದು ಸಾಲನ್ನೂ ತೆಗೆದುಹಾಕಿಲ್ಲ. ಚಿಕ್ಕ ವಯಸ್ಸಿನ ಸಂಪರ್ಕದ ಸಾಲಿನ ಕೆಳಗೆ ಒಂದು ವಾಕ್ಯ ಸೇರಿಸಿದ್ದೇವೆ: 'ಚಿಕ್ಕ ವಯಸ್ಸಿಗೆ ಮದುವೆ ಮಾಡಿಕೊಟ್ಟ ಹುಡುಗಿಯ ತಪ್ಪು ಇದರಲ್ಲಿ ಇಲ್ಲ.' ಅಚ್ಚಿಗೆ ಕೊಡುವ ಮೊದಲು ಲಲಿತಾಗೆ ಓದಿ ಹೇಳಿದ್ದೆ. ಅದು ಇರಲಿ ಅಂದರು.

2025ರ ಫೆಬ್ರವರಿಯಲ್ಲಿ, ಲೀಪ್ ಆಗಿ ಒಂದು ವರ್ಷದ ಮೇಲೆ, ಮತ್ತೆ ಎಚ್‌ಪಿವಿ ಟೆಸ್ಟ್ ಮಾಡಿಸಿದೆವು. ಈ ಸಲ ಫಾರ್ಮಿನಲ್ಲಿ ಆಕೆ ತನ್ನದೇ ನಂಬರ್ ಬರೆಸಿದರು. ಮಗ ತೆಗೆಸಿಕೊಟ್ಟ ಫೋನ್. ಫಲಿತಾಂಶ ಬಂದ ದಿನ ಮಧ್ಯಾಹ್ನ ನಾನು ಫೋನ್ ಮಾಡಿದೆ. ಹಿಂದೆ ಮಿಕ್ಸಿಯ ಸದ್ದು ಕೇಳುತ್ತಿತ್ತು, ನಿಲ್ಲಿಸಿದರು.

"ನೆಗೆಟಿವ್ ಬಂದಿದೆ ಲಲಿತಾ. ಮುಂದೆಯೂ ಡಾಕ್ಟರ್ ಹೇಳಿದಾಗ ತಪ್ಪದೆ ತೋರಿಸ್ಬೇಕು, ಆದರೆ ಈಗ ಏನೂ ಇಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಯಜಮಾನರಿಗೆ ನೀವೇ ಹೇಳ್ತೀರಾ?" ಅಂತ ಕೇಳಿದೆ.

"ರಾತ್ರಿ ಬಂದ ಮೇಲೆ ಹೇಳ್ತೇನೆ ಅಕ್ಕ," ಅಂದರು. "ಈಗ ನಾನು ಒಬ್ಬಳೇ ಸ್ವಲ್ಪ ಹೊತ್ತು ಇಟ್ಕೊಳ್ತೇನೆ." ಮಿಕ್ಸಿ ಮತ್ತೆ ಶುರುವಾಯಿತು.